ಸೆರಗು ಮೇಲೆ ಮಾಡಿ ಮಡಿಸಿದ ಕಾದಂಬರಿ

ನಮ್ಮ ಮನೆಗೆ ಹೊಸ ಕಾದಂಬರಿ ಬಂದರೆ ಅದನ್ನು ನನ್ನ ಕಣ್ಣಿಗೆ ಬೀಳದಂತೆ ಬಚ್ಚಿಡುವ ಪದ್ಧತಿಯಿದೆ. ಅಕ್ಕಿ ಡಬ್ಬದ ಹಿಂದೆ, ದೇವರ ಗೂಡಿನ ಕೆಳಗೆ, ಒಮ್ಮೆಯಂತೂ ತೊಟ್ಟಿಲಿನಲ್ಲಿ ಮಗುವಿನ ದುಪ್ಪಟಿಯಡಿ. ಕಾರಣ ಇಷ್ಟೇ, ನಾನು ಪುಸ್ತಕವನ್ನು ಹಿಂದಿನಿಂದ ತೆರೆಯುವವನು. ಕೊನೆಯ ಅಧ್ಯಾಯ ಓದಿ ಮುಗಿಸಿ, ಆಮೇಲೆ ಮೊದಲನೆಯದಕ್ಕೆ ಬರುತ್ತೇನೆ. ಅಷ್ಟರಲ್ಲೇ ನಿಲ್ಲಿಸಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಓದಿದ್ದು ಊಟದ ಹೊತ್ತಿಗೆ ಬಾಯಿಗೆ ಬಂದುಬಿಡುತ್ತದೆ. ಮೊನ್ನೆ ಸೊಸೆ ಅರ್ಧ ಓದಿ ಮಗುಚಿಟ್ಟಿದ್ದ ಕಾದಂಬರಿಯ ಡಾಕ್ಟರು ಕೊನೆಗೆ ಯಾರನ್ನೂ ಮದುವೆಯಾಗುವುದಿಲ್ಲ ಎಂಬ ಸಂಗತಿ ಹುಳಿ ಬಡಿಸುವಾಗ ಹೊರಬಿತ್ತು.  ಆ ದಿನ ಮಜ್ಜಿಗೆ ನನ್ನ ಎಲೆಯವರೆಗೆ ಬರಲಿಲ್ಲ.

ಇದು ಹುಟ್ಟಿನಿಂದ ಬಂದ ಗುಣವೆಂದು ನನ್ನ ಹೆಂಡತಿ ಎಲ್ಲರಿಗೂ ಹೇಳುತ್ತಾಳೆ. ನಮ್ಮ ಮನೆತನದ ದೋಷಗಳ ಪಟ್ಟಿಗೆ ಇದನ್ನೂ ಸೇರಿಸಿದ್ದಾಳೆ. ಪಾಪ, ನಮ್ಮವರು ದೊಡ್ಡಬೆಳವಂಗಲದ ಕಡೆ ರಾಗಿ ಬೆಳೆಯುವ ಜನ. ಪುಸ್ತಕವನ್ನು ಮುಂದಿನಿಂದಲೂ ತೆರೆದವರಲ್ಲ. ಈ ಚಟ ನನಗೆ ಹತ್ತಿದ್ದು ದೊಡ್ಡಬಳ್ಳಾಪುರದಲ್ಲಿ, ಯುದ್ಧದ ಕಾಲದಲ್ಲಿ, ನಾನು ಮಿಡಲ್ ಸ್ಕೂಲಿನ ಮೇಷ್ಟ್ರಾಗಿದ್ದಾಗ, ಒಂದು ಮಗ್ಗದ ಮನೆಯಲ್ಲಿ.

ಈಗ ಪರದೇಶಗಳಲ್ಲಿ ಬರೆಯುವವನಿಗೂ ಪುಸ್ತಕ ಹಾಕುವವನಿಗೂ ನಡುವೆ ಏಜೆಂಟರೆಂಬುವರು ಇರುತ್ತಾರಂತೆ. ಹಸ್ತಪ್ರತಿಯನ್ನು ಹಿಡಿದುಕೊಂಡು ಓಡಾಡುವುದು, ಗುಣ ವರ್ಣಿಸುವುದು, ಒಪ್ಪಿಸುವುದು ಎಲ್ಲ ಅವರ ಕೆಲಸ. ಇದನ್ನು ಹೇಳಿದ ಸ್ನೇಹಿತರೊಬ್ಬರು ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲದಿರುವುದಕ್ಕೆ ಬಹಳ ನೊಂದುಕೊಂಡರು. ನಾನು ಸುಮ್ಮನೆ ಕಾಫಿ ಕುಡಿದೆ. ನನಗೆ ಅಂದೇ ಏಜೆಂಟರಿದ್ದರು. ಅವರ ಹೆಸರು ಚೌಡಪ್ಪ. ಸೀರೆ ದಲ್ಲಾಳಿ.

ಚೌಡಪ್ಪನವರು ನಾನು ಬಾಡಿಗೆಗಿದ್ದ ಮನೆಯೊಡತಿ ಗೌರಕ್ಕನ ಅಣ್ಣ. ಮನೆಯ ಮುಂದಿನ ಕೋಣೆ ನನ್ನದು. ಗೋಡೆಯಾಚೆ ಗೌರಕ್ಕನ ಯಜಮಾನರ ಮಗ್ಗ. ಆ ಯಜಮಾನರು ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ. ಅವರು ಮನೆಯಲ್ಲಿದ್ದಾರೆಂಬುದು ಮಗ್ಗದ ಸದ್ದಿನಿಂದ ತಿಳಿಯುತ್ತಿತ್ತು. ಗೌರಕ್ಕ ಗೋಡೆಗೆ ಒರಗಿ ಕೂತು ರಾಟೆ ತಿರುಗಿಸುತ್ತ ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಲಟಪಟ, ರಾಟೆಯ ಗುಂಯ್. ಆ ಸದ್ದಿನಲ್ಲಿ ಕೂತು ನಾನು ಕಾದಂಬರಿ ಬರೆದೆ. ಎರಡೂ ಕಡೆ ನೇಯ್ಗೆಯೇ ನಡೆದಿದೆ ಎಂದು ಆಗ ನನಗೆ ಅನ್ನಿಸುತ್ತಿತ್ತು. ಅವರದ್ದು ಮಾರಾಟವಾಗುತ್ತಿತ್ತು ಎಂಬ ವ್ಯತ್ಯಾಸವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಾದಂಬರಿಯ ವಿಷಯ ಹೇಳಿದಾಗ ನಮ್ಮಪ್ಪ ಕಣದಲ್ಲಿ ರಾಗಿ ತೂರುತ್ತಿದ್ದರು. ‘ಒಂದೇ ಕತೇನ ಅಷ್ಟುದ್ದ ಯಾಕ್ ಬರೀಬೇಕು?’ ಎಂದು ಕೇಳಿ, ಮಳೆಯ ಹಂಗಿಲ್ಲದ ಕೆಲಸ ಎಂದು ತಾವೇ ಸಮಾಧಾನ ಮಾಡಿಕೊಂಡರು.

ಕತೆ ಮಂದಾಕಿನಿ ಎಂಬ ಹೆಣ್ಣುಮಗಳದ್ದು. ತೌರಿಲ್ಲದವಳು, ಕೆಟ್ಟ ಅತ್ತೆ, ಹೇಡಿ ಗಂಡ, ಕೊನೆಗೆ ಬಾವಿ. ಆ ಕಾಲಕ್ಕೆ ನಾಯಕಿ ಬದುಕುಳಿದರೆ ಲೇಖಕನಿಗೆ ಗಾಂಭೀರ್ಯ ಸಾಲದು ಎಂಬ ಅಭಿಪ್ರಾಯ ನಮ್ಮಂಥ ಹುಡುಗರಲ್ಲಿ ಬಲವಾಗಿತ್ತು. ಮೊದಲ ಅಧ್ಯಾಯವಿಡೀ ಹುಣಸೆತೋಪಿನ ವರ್ಣನೆ. ನಲ್ಲೂರಿನ ಹತ್ತಿರ ನಮ್ಮಜ್ಜಿಯ ಊರು. ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಆ ತೋಪಿನ ಮುದಿ ಮರಗಳನ್ನು ಕಂಡು ಹೆದರಿದ್ದೆ. ಒಂದೊಂದು ಮರದ ಬೊಡ್ಡೆಯ ಹಿಂದೆ ಒಂದು ಸಂಸಾರ ಅಡಗಿಕೊಳ್ಳಬಹುದು. ಹೊಟ್ಟೆ ಟೊಳ್ಳಾದ ಮರದೊಳಗೆ ಕೂತು ನಾನೂ ನನ್ನ ಸೋದರಮಾವನ ಮಗನೂ ಹುಣಸೇಕಾಯಿಗೆ ಉಪ್ಪು ಹಚ್ಚಿ ತಿಂದು ಹಲ್ಲು ಚುಳ್ಳೆನ್ನಿಸಿಕೊಳ್ಳುತ್ತಿದ್ದೆವು. ಹಲ್ಲು ಎಷ್ಟು ಚುಳ್ಳೆನ್ನುತ್ತಿತ್ತೆಂದರೆ ಅಜ್ಜಿ ಮಾಡಿದ ಮುದ್ದೆಯೂ ಗಟ್ಟಿ ಅನ್ನಿಸುತ್ತಿತ್ತು. ಆ ತೋಪನ್ನೆಲ್ಲ ಕಾದಂಬರಿಗೆ ತುಂಬಿದೆ. ಹೀಗಾಗಿ ಮಂದಾಕಿನಿಗೆ ಮೂರನೆಯ ಅಧ್ಯಾಯಕ್ಕೆ ಮೊದಲು ಬರಲಾಗಲಿಲ್ಲ.

ಕಾಗದಕ್ಕೆ ಅಂದು ಬರಗಾಲ. ಸ್ಕೂಲಿನಲ್ಲಿ ರದ್ದಿಗೆ ಬಿದ್ದ ಲೆಕ್ಕದ ಉತ್ತರಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆದೆ. ಒಂದು ಮಗ್ಗುಲಲ್ಲಿ ಮಂದಾಕಿನಿಯ ಗೋಳು, ಇನ್ನೊಂದು ಮಗ್ಗುಲಲ್ಲಿ ತೊಟ್ಟಿಗೆ ಎರಡು ನಲ್ಲಿಗಳಿಂದ ನೀರು ತುಂಬುವ ಹುಡುಗರ ಗೋಳು. ಹಾಳೆಗಳ ಮೇಲೆ ಆಗಲೇ ಹುಡುಗರ ನಂಬರುಗಳಿದ್ದುದರಿಂದ ನಾನು ಬೇರೆ ಪುಟಸಂಖ್ಯೆ ಹಾಕಲಿಲ್ಲ. ಒಂದೊಂದು ಅಧ್ಯಾಯವನ್ನೂ ಬೇರೆ ಬೇರೆ ಹೊಲಿದು, ಕ್ರಮಸಂಖ್ಯೆ ಹಾಕುವುದು ಹಳೆಯ ಕಾಲದ ರೀತಿಯೆಂದು ಹೆಸರುಗಳನ್ನು ಮಾತ್ರ ಕೊಟ್ಟೆ: ಕಾರ್ಮೋಡ, ಬಿರುಗಾಳಿ, ಹೀಗೆ. ಕೊನೆಯದರ ಹೆಸರು ಬಾವಿಕಟ್ಟೆ. ಮುಗಿದ ಮೇಲೆ ‘ಶುಭಂ’ ಎಂದು ಬರೆಯುವುದು ವಾಡಿಕೆ. ನಾಯಕಿ ಬಾವಿಗೆ ಬಿದ್ದ ಮೇಲೆ ಶುಭಂ ಎಂದು ಬರೆಯಲು ಕೈ ಬಾರದೆ ಬಿಟ್ಟೆ. ಇನ್ನೊಂದು ಪ್ರತಿ ಮಾಡಲು ಕಾಗದವಿರಲಿಲ್ಲ. ಇದ್ದದ್ದು ಅದೊಂದೇ ಕಟ್ಟು.

ಬರೆದದ್ದನ್ನು ಸಂಜೆ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ನನಗಿತ್ತು. ನಾನು ಓದಲು ಶುರುಮಾಡಿದರೆ ಗೋಡೆಯಾಚೆ ಮಗ್ಗ ನಿಲ್ಲುತ್ತಿತ್ತು. ನನ್ನ ಶೈಲಿಗೆ ಮಗ್ಗ ನಿಲ್ಲಿಸುವ ಶಕ್ತಿಯಿದೆಯೆಂದು ಬಹಳ ದಿನ ನಂಬಿಕೊಂಡಿದ್ದೆ. ಅದು ಯಜಮಾನರು ಬೀಡಿ ಸೇದಲು ಹೊರಗೆ ಹೋಗುವ ಹೊತ್ತೆಂದು ಆಮೇಲೆ ಗೊತ್ತಾಯಿತು. ಆದರೆ ಗೌರಕ್ಕ ನಿಜವಾಗಿಯೂ ಕೇಳುತ್ತಿದ್ದರು. ಮಾರನೆಯ ಬೆಳಗ್ಗೆ ಉಪ್ಸಾರಿನ ಬಟ್ಟಲು ತಂದಿಟ್ಟು, ಪಕ್ಕದ ಬೀದಿಯ ಸಮಾಚಾರ ಕೇಳುವ ಹಾಗೆ, ಆ ಮಗೂಗೆ ಅವಳತ್ತೆ ಊಟಕ್ಕೆ ಇಕ್ಕಿದಳೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಮಂದಾಕಿನಿ ಎಂಬ ಹೆಸರು ಅವರ ಬಾಯಿಗೆ ಬರಲೇ ಇಲ್ಲ. ಕೊನೆಯವರೆಗೂ ‘ಆ ಮಗು’. ಅತ್ತೆ ಹೆಚ್ಚು ಕಾಡಿದ ದಿನ ನನ್ನ ಸಾರಿಗೂ ಉಪ್ಪು ಹೆಚ್ಚಾಗುತ್ತಿತ್ತು. ಬಾವಿಕಟ್ಟೆಯ ಅಧ್ಯಾಯವನ್ನು ನಾನು ಗಟ್ಟಿಯಾಗಿ ಓದಲಿಲ್ಲ. ಗಂಟಲು ಕೆಟ್ಟಿದೆ ಎಂದು ಹೇಳಿದೆ. ಅವರು ಮೆಣಸಿನ ಕಷಾಯ ಮಾಡಿಕೊಟ್ಟರು.

ಕಟ್ಟನ್ನು ಹಿಡಿದುಕೊಂಡು ಒಮ್ಮೆ ನಾನೇ ಬೆಂಗಳೂರಿಗೆ ಹೋದೆ. ಪೇಟೆಯಲ್ಲಿ ಒಂದು ಜವಳಿ ಅಂಗಡಿಯ ಪಕ್ಕದ ಮಹಡಿಯ ಮೇಲೆ ಒಬ್ಬ ಪ್ರಕಾಶಕರಿದ್ದರು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ. ಅಲ್ಲಿದ್ದ ಗುಮಾಸ್ತೆ ತಲೆಯೆತ್ತದೆಯೇ ‘ಕಾಗದ ಇಲ್ಲ’ ಎಂದ. ನನ್ನ ಕಟ್ಟನ್ನಾಗಲಿ ಮುಖವನ್ನಾಗಲಿ ಅವನು ನೋಡಿರಲಿಲ್ಲ. ನಾನು ಇಳಿದು ಬಂದು ದೋಸೆ ತಿಂದು ರೈಲು ಹತ್ತಿದೆ. ದೋಸೆ ಚೆನ್ನಾಗಿತ್ತು ಎಂದು ಊರಿನಲ್ಲಿ ಹೇಳಿದೆ.

ಆಗ ಗೌರಕ್ಕ ತಮ್ಮ ಅಣ್ಣನಿಗೆ ವಿಷಯ ತಿಳಿಸಿದರು. ಚೌಡಪ್ಪನವರು ವಾರವಾರವೂ ನೇಕಾರರ ಮನೆಗಳಿಂದ ಸೀರೆ ಎತ್ತಿಕೊಂಡು ರೈಲಿನಲ್ಲಿ ಹೋಗಿ ಪೇಟೆಯ ಸಾವ್ಕಾರರಿಗೆ ತೋರಿಸಿ ಬರುವವರು. ಕಪ್ಪು ಕೋಟು, ಮಾಸಿದ ರುಮಾಲು, ಯಾವುದಕ್ಕೂ ಬೆರಗಾಗದ ಮುಖ. ನನ್ನ ಕಟ್ಟನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿದರು. ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು. ಆ ಜವಳಿ ಸಾವ್ಕಾರರಿಗೂ ಮಹಡಿಯವರಿಗೂ ಒಳ್ಳೆಯ ಬಳಕೆ, ಅವರ ಮೂಲಕವೇ ಮಾಲು ತೋರಿಸೋಣ ಎಂದರು. ಯಾವುದು ಮೊದಲು, ಯಾವುದು ಕೊನೆ ಎಂದು ಕೇಳಿದರು. ಹೇಳಿದೆ. ಎಲ್ಲಕ್ಕಿಂತ ಕೆಲಸ ಜಾಸ್ತಿ ಮಾಡಿರುವುದು ಎಲ್ಲಿ ಎಂದು ಕೇಳಿದರು. ಕೊನೆಯಲ್ಲಿ ಎಂದೆ. ತಲೆಯಾಡಿಸಿ, ಸೀರೆಗಳ ನಡುವೆ ಇಟ್ಟು ಗಂಟು ಕಟ್ಟಿದರು. ಗೌರಕ್ಕ ಹೊಸ ಸೀರೆಗೆ ಮಾಡುವ ಹಾಗೆ ಗಂಟಿನ ಮೂಲೆಗೆ ಅರಿಶಿನ ಹಚ್ಚಿದರು.

ಮುಂದಿನ ವಾರ ಚೌಡಪ್ಪನವರು ಬಂದು, ನೋಡೋದಕ್ಕೆ ಬಿಟ್ಟು ಬಂದಿದ್ದೇನೆ ಎಂದರು. ಅದರ ಮುಂದಿನ ವಾರ, ಇನ್ನೂ ನೋಡ್ತಾ ಇದ್ದಾರೆ ಎಂದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ, ಅವರು ಹೇಳುವುದನ್ನು ಬಿಟ್ಟರು. ಇದ್ದ ಒಂದೇ ಪ್ರತಿ ಯಾರದೋ ಮಹಡಿಯ ಮೇಲಿತ್ತು, ಅಥವಾ ಇರಲಿಲ್ಲ. ಆ ದಿನಗಳಲ್ಲಿ ಅಂಗಡಿಗಳಲ್ಲಿ ಯಾವ ಕಾಗದ ಸಿಕ್ಕಿದರೂ ಪೊಟ್ಟಣ ಕಟ್ಟುತ್ತಿದ್ದರು. ನಾನು ಬೆಲ್ಲದ ಪೊಟ್ಟಣ, ಮೆಣಸಿನಕಾಯಿಯ ಪೊಟ್ಟಣ ಎಲ್ಲವನ್ನೂ ಬಿಚ್ಚಿ ಓದತೊಡಗಿದೆ. ಅಂಗಡಿಯವನು ತೂಕದಲ್ಲಿ ಅನುಮಾನವೇನೋ ಎಂದುಕೊಂಡು ನನಗೆ ಸ್ವಲ್ಪ ಹೆಚ್ಚೇ ಹಾಕಲಾರಂಭಿಸಿದ. ಒಂದು ಸಲ ಕಡ್ಲೆಬೀಜದ ಪೊಟ್ಟಣದಲ್ಲಿ ತೊಟ್ಟಿಗೆ ನಲ್ಲಿಯ ನೀರು ತುಂಬುವ ಲೆಕ್ಕ ಕಂಡು ಬೀಜವನ್ನೆಲ್ಲ ನೆಲಕ್ಕೆ ಸುರಿದೆ. ಮಗುಚಿ ನೋಡಿದರೆ ಬೆನ್ನು ಖಾಲಿ. ಬೇರೆ ಯಾವುದೋ ಸ್ಕೂಲಿನದ್ದು. ಖಾಲಿ ಬೆನ್ನನ್ನು ನೋಡಿ ಅಷ್ಟು ಸಂತೋಷಪಟ್ಟ ಲೇಖಕ ಇನ್ನೊಬ್ಬನಿರಲಾರ.

ಕೊನೆಗೆ ಒಂದು ಸಂಜೆ ಚೌಡಪ್ಪನವರು ಬಂದು ಜಗಲಿಯ ಮೇಲೆ ಕೂತು ನೀರು ತರಿಸಿಕೊಂಡು ಕುಡಿದರು. ಗೌರಕ್ಕ ಬಾಗಿಲಲ್ಲಿ ನಿಂತಿದ್ದರು. ‘ಒಪ್ಕೊಂಡ್ರು ಮೇಷ್ಟ್ರೆ’ ಎಂದರು ಚೌಡಪ್ಪನವರು. ‘ಒಂದೇ ಒಂದು ಕೇಳ್ಕೊಂಡು ಬಾ ಅಂದ್ರು. ಕೊಲೆ ಮಾಡಿದೋನು ಯಾರು?’

ನನ್ನ ಕಾದಂಬರಿಯಲ್ಲಿ ಕೊಲೆ ಇರಲಿಲ್ಲ. ಹಾಗೆಂದೆ. ಇರಲೇಬೇಕಂತೆ, ಹುಡುಗಿ ಬಾವಿಗೆ ಬಿದ್ದಿರುವುದು ಮೇಲೆಯೇ ಇದೆಯಂತೆ ಎಂದರು. ಅದು ಮೇಲೆ ಹೇಗೆ ಬಂತು ಎಂದು ಕೇಳಿದೆ.

‘ನಾನೇ ಮಾಡ್ದೆ. ಸೆರಗು ಮೇಲ್ ಮಾಡಿ ಮಡಿಸ್ದೆ. ಸೀರೆದು ಬರೀ ಒಡಲು ತೋರಿಸಿದ್ರೆ ಯಾವ ಸಾವ್ಕಾರ ಮುಖ ಎತ್ತಿ ನೋಡ್ತಾನೆ? ನಿಮ್ದಂತೂ ಮೊದಲಿಗೆ ಬರೀ ಹುಣಸೇಮರ.’

ಅವರ ಮುಖದಲ್ಲಿ ತಪ್ಪು ಮಾಡಿದ ಗುರುತೇ ಇರಲಿಲ್ಲ. ಕೊನೆಯ ಅಧ್ಯಾಯವನ್ನು ಮೊದಲಿಗಿಟ್ಟು, ಮಿಕ್ಕವನ್ನು ಅದರ ಕೆಳಗೆ ನೀಟಾಗಿ ಜೋಡಿಸಿ ಅವರು ನನ್ನ ಕಾದಂಬರಿಯನ್ನು ಪೇಟೆಗೆ ಒಯ್ದಿದ್ದರು. ನಾನು ಗೌರಕ್ಕನ ಕಡೆ ನೋಡಿದೆ. ಬಾಗಿಲಲ್ಲಿ ಅವರಿರಲಿಲ್ಲ.

ಭಾನುವಾರ ಪ್ರಕಾಶಕರನ್ನು ಕಂಡೆ. ಈ ಸಲ ಗುಮಾಸ್ತೆ ಎದ್ದು ಕುರ್ಚಿ ಕೊಟ್ಟ. ಪ್ರಕಾಶಕರು ಬಹಳ ಸಂಭಾವಿತರು, ಪತ್ತೇದಾರಿ ಕಾದಂಬರಿಗಳಿಂದ ಮನೆ ಕಟ್ಟಿಸಿದವರು. ನನ್ನ ತಂತ್ರವನ್ನು ಮನಸಾರೆ ಹೊಗಳಿದರು. ಬಾಗಿಲು ತೆರೆದ ಕೂಡಲೇ ಬಾವಿ, ಬಾವಿಯಲ್ಲಿ ಬಿಂದಿಗೆ, ಊರೆಲ್ಲ ಅಳು. ಆಮೇಲೆ ಸಡನ್ನಾಗಿ ಹುಣಸೆತೋಪು. ‘ಒಂದೊಂದು ಮರದ ಹಿಂದೆ ಯಾರಿದಾನೋ ಅಂತ ನನಗೆ ಮೈ ಜುಮ್ಮೆಂದಿತು ನೋಡಿ’ ಎಂದರು. ಅತ್ತೆಯ ಮೇಲೆ ಅನುಮಾನ, ಗಂಡನ ಮೇಲೆ ಅನುಮಾನ, ಸುಮ್ಮನೆ ಪ್ರಸಾದ ಕೊಟ್ಟು ಹೋಗುವ ಪೂಜಾರಿಯ ಮೇಲಂತೂ ಬಹಳ ಅನುಮಾನ. ಆದರೆ ಕೊನೆಯಲ್ಲಿ ಕೈ ಬಿಟ್ಟಿದ್ದೀರಿ ಎಂದರು. ಅವಳು ಬಿಂದಿಗೆ ಎತ್ತಿಕೊಂಡು ಹೊರಟಳು ಎನ್ನುವಲ್ಲಿಗೆ ನಿಂತುಬಿಟ್ಟಿದೆ. ಇನ್ನೊಂದು ಅಧ್ಯಾಯ ಬೇಕು, ಕೊಲೆಗಾರ ಸಿಗಬೇಕು. ಅದಿಲ್ಲದೆ ಇದ್ದ ಚೂರುಪಾರು ಕಾಗದವನ್ನು ಇದಕ್ಕೆ ಹಾಕುವುದು ಕಷ್ಟ. ಚೌಡಪ್ಪನವರು ಮುಂದಿನ ಸಲ ಬರುವಾಗ ಕೊಟ್ಟು ಕಳಿಸಿದರೆ ಅಚ್ಚಿಗೆ ಹಾಕುತ್ತೇನೆ, ಇಲ್ಲದಿದ್ದರೆ ಕಟ್ಟನ್ನು ಅವರ ಕೈಯಲ್ಲೇ ವಾಪಸು ಕಳಿಸುತ್ತೇನೆ ಎಂದರು.

ಇದು ಹೀಗಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗುಮಾಸ್ತೆ ಕಾಫಿ ತಂದಿಟ್ಟ. ಕಾಫಿ ಕುಡಿದು ಬಂದೆ. ನನ್ನ ಹೆಸರು ಅಚ್ಚಿನಲ್ಲಿ ಬರುವುದಕ್ಕೆ ಒಬ್ಬ ಕೊಲೆಗಾರ ಮಾತ್ರ ಕಡಿಮೆ ಬಿದ್ದಿದ್ದ.

ರೈಲಿನಲ್ಲಿ ಕೂತು ಒಬ್ಬೊಬ್ಬರನ್ನೇ ಪರಿಶೀಲಿಸಿದೆ. ಅತ್ತೆಯನ್ನು ಕೊಲೆಗಾರ್ತಿಯನ್ನಾಗಿ ಮಾಡಬಹುದಿತ್ತು. ಆದರೆ ಆಕೆಯನ್ನು ನಾನು ನಮ್ಮ ದೊಡ್ಡಮ್ಮನನ್ನು ನೋಡಿ ಬರೆದಿದ್ದೆ, ದೊಡ್ಡಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದರು. ಪೂಜಾರಿಗೆ ನಮ್ಮ ಹೆಡ್‌ಮಾಸ್ಟರ ಮೂಗು ಕೊಟ್ಟಿದ್ದೆ. ಗಂಡನೇ ಸರಿ ಎಂದುಕೊಂಡೆ. ಆದರೆ ಅವನು ಎಷ್ಟು ಹೇಡಿಯೆಂದು ನಾನು ಅಧ್ಯಾಯಗಟ್ಟಲೆ ವರ್ಣಿಸಿದ್ದೆನೆಂದರೆ, ಅವನು ಯಾರನ್ನಾದರೂ ತಳ್ಳಿದನೆಂದರೆ ಓದುಗರು ನಂಬುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಸಾರು ಬರಲಿಲ್ಲ. ಮರುದಿನವೂ ಬರಲಿಲ್ಲ. ಗೋಡೆಯಾಚೆ ಮಗ್ಗ ಆಡುತ್ತಿತ್ತು, ರಾಟೆಯ ಸದ್ದಿರಲಿಲ್ಲ. ಸಂಜೆ ಗೌರಕ್ಕ ತಾವೇ ಬಂದು ಹೊಸ್ತಿಲಾಚೆ ಕೂತರು. ಆ ಮಗುವನ್ನು ಬಾವಿಗೆ ಹಾಕಿದ್ದು ನಿಜವೇ ಎಂದು ಕೇಳಿದರು. ಹೌದೆಂದೆ. ಗಂಟಲು ಕೆಟ್ಟಿದೆ ಅಂದದ್ದು ಅದಕ್ಕೇನಾ ಎಂದರು. ಅದಕ್ಕೂ ಹೌದೆಂದೆ. 

‘ಅಲ್ಲಿ ಏನಂತ ಬರ್ದಿದೀರಾ? ಇದ್ದಿದ್ ಹಾಗೇ ಹೇಳಿ’ ಎಂದರು.

ಆ ಅಧ್ಯಾಯ ನನಗೆ ಬಾಯಿಪಾಠವಾಗಿತ್ತು. ಬಾವಿಯಲ್ಲಿ ಬಿಂದಿಗೆ ತೇಲುತ್ತಿತ್ತು, ಕಟ್ಟೆಯ ಮೇಲೆ ಹಗ್ಗ ಬಿದ್ದಿತ್ತು, ಊರು ಅತ್ತಿತು, ಕತ್ತಲಾಯಿತು. ಅಷ್ಟೇ ಬರೆದಿದ್ದೆ. ಹೆಣ ಎತ್ತುವುದನ್ನು ಬರೆಯಲು ಹೋಗಿ ನನಗೆ ಧೈರ್ಯ ಸಾಲದೆ, ಸೂಚ್ಯವಾಗಿ ಹೇಳುವುದೇ ಕಲೆ ಎಂದು ಬಿಟ್ಟುಬಿಟ್ಟಿದ್ದೆ.

ಗೌರಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, ‘ನಮ್ ನಾಗೀದೂ ಮೊದಲು ಬಿಂದಿಗೇನೇ ಸಿಕ್ಕಿದ್ದು’ ಎಂದರು. ನಾಗಿ ಅವರ ತಂಗಿ. ಅಂಥ ಒಬ್ಬ ತಂಗಿಯಿದ್ದಳೆಂದು ಆ ಮನೆಯಲ್ಲಿ ಯಾರೂ ಅದುವರೆಗೆ ಹೇಳಿರಲಿಲ್ಲ. ‘ಬಿಂದಿಗೆ ಸಿಕ್ತು ಅಂತ ಅವಳತ್ತೆ ಮನೆಯಿಂದ ಹೇಳ್ಕಳಿಸಿದ್ರು. ನಾವು ಗಾಡಿ ಕಟ್ಕೊಂಡು ಹೋದ್ವಿ. ದಾರಿಯುದ್ದಕ್ಕೂ ನಾನು, ಬಿಂದಿಗೆ ತಾನೆ, ಬಿಂದಿಗೆ ತಾನೆ ಅಂತಿದ್ದೆ. ಹೋಗೋ ಹೊತ್ತಿಗೆ ಅವಳನ್ನೂ ಎತ್ತಿದ್ರು.’ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ‘ನೀವು ಬಿಂದಿಗೆವರ್ಗೂ ತಾನೆ ಬರ್ದಿರೋದು. ಅಷ್ಟಕ್ಕೇ ನಿಲ್ಸಿ ಮೇಷ್ಟ್ರೆ. ಅವಳು ಎಲ್ಲಿಗಾದ್ರೂ ಹೋಗಿರ್ಲಿ.’

ನನಗೆ ಅಳು ಬಂತು. ಅಧ್ಯಾಯದ ಮೇಲೆ ಅಧ್ಯಾಯ ಬರೆಯುವಾಗ ನಾನು ಒಮ್ಮೆಯೂ ಅತ್ತಿರಲಿಲ್ಲ. ಓದುಗರನ್ನು ಅಳಿಸುವ ಏರ್ಪಾಡಿನಲ್ಲೇ ಮುಳುಗಿದ್ದೆ.

ಮಂದಾಕಿನಿಗೆ ತೌರಿಲ್ಲವೆಂದು ಖಚಿತವಾಗಿ ಬರೆದುಬಿಟ್ಟಿದ್ದರಿಂದ ಒಬ್ಬ ಚಿಕ್ಕಮ್ಮನನ್ನು ಹೊಸದಾಗಿ ಹುಟ್ಟಿಸಬೇಕಾಯಿತು. ಆಕೆಯನ್ನು ಬೂದಿಗೆರೆಯಲ್ಲಿ ಇಟ್ಟೆ. ಒಬ್ಬ ಪೋಲೀಸ್ ಜಮೇದಾರ ಅನುಮಾನಗಳನ್ನೆಲ್ಲ ಹೊತ್ತುಕೊಂಡು ಊರೂರು ತಿರುಗಿ, ಕೊನೆಗೆ ನೀರು ಕೇಳಲೆಂದು ಬೂದಿಗೆರೆಯ ಒಂದು ಹೊಲದ ಬದುವಿನಲ್ಲಿ ನಿಲ್ಲುತ್ತಾನೆ. ರಾಗಿಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ಎದ್ದು ಚೊಂಬು ತಂದುಕೊಡುತ್ತಾಳೆ. ಬಿಂದಿಗೆಯನ್ನು ಬಾವಿಗೆ ಬಿಟ್ಟು, ಹಗ್ಗವನ್ನು ಕಟ್ಟೆಯ ಮೇಲೆ ಹಾಕಿ, ಹುಣಸೆತೋಪಿನೊಳಗೆ ನುಗ್ಗಿ ನಡೆದುಬಂದವಳು ತಾನೇ ಎಂದು ಹೇಳುತ್ತಾಳೆ. ಜಮೇದಾರ ನೀರು ಕುಡಿದು, ಇಲ್ಲಿ ಯಾರೂ ಸಿಗಲಿಲ್ಲ ಎಂದು ಬರೆದುಕೊಂಡು ಹೋಗುತ್ತಾನೆ. ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಹುಣಸೆತೋಪು ಕೊನೆಗೂ ಒಂದು ಕೆಲಸಕ್ಕೆ ಬಂತು.

ಪ್ರಕಾಶಕರು ಓದಿ ಬಹಳ ಹೊತ್ತು ಕನ್ನಡಕ ಒರೆಸಿದರಂತೆ. ಕೊಲೆಯೇ ಆಗದ ಕೊಲೆಯ ಕಾದಂಬರಿಯನ್ನು ತಾವು ಇದುವರೆಗೆ ಹಾಕಿಲ್ಲ ಎಂದರಂತೆ. ಸಾವ್ಕಾರರ ಅಂಗಡಿಯಲ್ಲೂ ಇಂಥದ್ದು ಇನ್ನೊಂದಿಲ್ಲ ಎಂಬ ಮಾಲೇ ಮೊದಲು ಹೋಗೋದು ಎಂದು ಚೌಡಪ್ಪನವರು ಸೀರೆ ಮಡಿಸುತ್ತಲೇ ಹೇಳಿದರಂತೆ. ಪರದೇಶದ ಏಜೆಂಟರು ಇದಕ್ಕಿಂತ ಹೆಚ್ಚೇನು ಹೇಳುತ್ತಾರೋ ನನಗೆ ತಿಳಿಯದು.

ಪುಸ್ತಕಗಳು ಸೀರೆಯ ಗಂಟಿನಲ್ಲಿಯೇ ಬಂದವು. ನಾನಿಟ್ಟ ಹೆಸರು ಹೋಗಿ ಬೇರೆ ಹೆಸರು ಬಂದಿತ್ತು. ಅದರಲ್ಲಿ ರಹಸ್ಯವೂ ಇತ್ತು, ಕೊಲೆಯೂ ಇತ್ತು. ಮುಖಪುಟದಲ್ಲಿ ಹ್ಯಾಟು ಹಾಕಿದವನೊಬ್ಬ ರಕ್ತ ಸುರಿಯುವ ಚೂರಿ ಹಿಡಿದು ನಿಂತಿದ್ದ. ನನ್ನ ಕಾದಂಬರಿಯಲ್ಲಿ ಯಾರೂ ಹ್ಯಾಟು ಹಾಕಿರಲಿಲ್ಲ. ಆಯುಧವೆಂದರೆ ಒಂದು ಈಳಿಗೆಮಣೆ ಇತ್ತು, ಅದರಲ್ಲಿ ಸೋರೆಕಾಯಿ ಹೆಚ್ಚಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿತ್ತು. ಅದನ್ನು ನಾನು ಎಷ್ಟು ಸಲ ನೋಡಿಕೊಂಡೆನೆಂಬುದನ್ನು ಇಲ್ಲಿ ಹೇಳಲಾರೆ.

ಆ ಸಂಜೆ ಮಗ್ಗದ ಕೋಣೆಯಲ್ಲಿ ಗೌರಕ್ಕ ಓದಿಸಿಕೊಳ್ಳಲು ಕೂತರು. ಯಜಮಾನರೂ ಬೀಡಿಗೆ ಹೋಗದೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಲ್ಲೇ ಉಳಿದರು. ನಾನು ಗಂಟಲು ಸರಿಮಾಡಿಕೊಂಡು ಮೊದಲ ಪುಟ ತೆರೆದೆ.

‘ಅದಲ್ಲ. ಮೊದಲು ಕೊನೇದು ಓದಿ’ ಎಂದರು ಗೌರಕ್ಕ. ‘ಮಗು ಇದಾಳೆ ಅಂತ ಗೊತ್ತಾಗ್ಲಿ. ಆಮೇಲೆ ಎಷ್ಟ್ ಕಷ್ಟ ಬಂದ್ರೂ ಕೇಳ್ತೀನಿ.’

ಕೊನೆಯದನ್ನು ಓದಿದೆ. ಬೂದಿಗೆರೆಯ ಹೊಲ, ರಾಗಿ ಪೈರು, ಚೊಂಬಿನ ನೀರು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ರಾಟೆಯನ್ನು ಹತ್ತಿರ ಎಳೆದುಕೊಂಡು ಎಳೆ ಸರಿಮಾಡಿಕೊಂಡರು. ಇನ್ನು ಮೊದಲಿನಿಂದ ಓದಿ ಎಂದರು.

ಮೊದಲಿನಿಂದ ಎಂದರೆ ಬಾವಿಕಟ್ಟೆ. ನೀರಿನ ಮೇಲೆ ಬಿಂದಿಗೆ ತೇಲುವ ಸಾಲು ಬಂದಾಗ ನನ್ನ ದನಿ ಸಣ್ಣಗಾಯಿತು, ಅವರ ಮುಖ ನೋಡಲಾಗಲಿಲ್ಲ. ರಾಟೆಯ ಸದ್ದು ಮಾತ್ರ ನಿಲ್ಲಲಿಲ್ಲ.